ಗಾಜಿನ ಮನೆಗೆ ಹೋಗಬಹುದು, ಬರೋದು ಹೇಗೆ?

ಸಂಪಾದಕರಿಗೆ ನಮಸ್ಕಾರ.

ನಾನು ದಾವಣಗೆರೆ ಹಳೇಪೇಟೆಯವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕುತ್ತೇನೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ತಿದ್ದಿಕೊಳ್ಳಿ. ಹೋದ ತಿಂಗಳು ಒಂದು ಭಾನುವಾರ ನಮಗೆ ಆದದ್ದನ್ನು ಓಣಿಯಲ್ಲಿ ನಾಲ್ಕು ಜನರಿಗೆ ಹೇಳಿದೆ. ಹೇಳಿದವರೆಲ್ಲ "ಹೌದವ್ವ, ನಮಗೂ ಹಂಗೇ ಆಗಿತ್ತು" ಅಂದರು. ಎಲ್ಲರಿಗೂ ಹಾಗೇ ಆಗಿದೆ ಅಂದ ಮೇಲೆ ಕಟ್ಟೆ ಮೇಲೆ ಕೂತು ಮಾತಾಡಿ ಏನು ಬಂತು, ಬರೆದೇ ಬಿಡೋಣ ಅಂತ ಬರೆಯುತ್ತಿದ್ದೇನೆ.

ವಿಷಯ ಕುಂದುವಾಡ ಕೆರೆ ಹತ್ತಿರದ ಗಾಜಿನ ಮನೆಗೆ ಹೋಗಿಬರೋ ಬಸ್ಸಿನದು. ಗಾಜಿನ ಮನೆ ಬಗ್ಗೆ ನನಗೆ ಒಂದು ಚೂರೂ ತಕರಾರಿಲ್ಲ. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆ ಮಾದರಿಯಲ್ಲಿ ನಮ್ಮೂರಿಗೂ ಒಂದು ಬಂತಲ್ಲ ಅಂತ ಹೆಮ್ಮೆಯೇ ಇದೆ. ಬೆಂಗಳೂರಿಂದ ನೆಂಟರು ಬರುತ್ತಾರೆ, ಬಂದವರು ಮೊದಲು ಬೆಣ್ಣೆದೋಸೆ ಎಲ್ಲಿ ಚೆನ್ನಾಗಿರುತ್ತೆ ಅಂತ ಕೇಳುತ್ತಾರೆ, ತಿಂದು ಕೈ ತೊಳೆದ ಮೇಲೆ ನೋಡೋಕೆ ಏನಿದೆ ಅಂತ ಕೇಳುತ್ತಾರೆ. ನಾವು ಗಾಜಿನ ಮನೆ ಅನ್ನುತ್ತೇವೆ. ಯಾವ ಬಸ್ಸಿಗೆ ಹೋಗಬೇಕು ಅಂತ ಅವರು ಕೇಳಿದಾಗ ಮಾತ್ರ ನಾವು ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ನಮ್ಮ ಅತ್ತೆಗೆ ಎಪ್ಪತ್ತೊಂದು ವರ್ಷ. ಮಾವ ಕಾಟನ್ ಮಿಲ್ಲಿನಲ್ಲಿದ್ದವರು, ಈಗಿಲ್ಲ. ಅತ್ತೆಗೆ ಗಿಡದ ಹುಚ್ಚು. ನಮ್ಮದು ಶೀಟ್ ಮನೆ, ಮೇಲೆ ಒಂದು ಚಿಕ್ಕ ತಾರಸಿ. ಅಲ್ಲಿ ಪೇಂಟ್ ಡಬ್ಬಿ, ಎಣ್ಣೆ ಟಿನ್ನು, ಒಡೆದ ಬಕೆಟ್ಟು, ಸಿಕ್ಕಿದ್ದರಲ್ಲೆಲ್ಲ ಮಣ್ಣು ತುಂಬಿ ದಾಸವಾಳ, ಕನಕಾಂಬರ, ಕಾಕಡ, ದೊಡ್ಡಪತ್ರೆ, ತುಳಸಿ ಹಚ್ಚಿದ್ದಾರೆ. ಬ್ರಹ್ಮಕಮಲ ಅರಳುವ ರಾತ್ರಿ ಓಣಿಯವರನ್ನೆಲ್ಲ ಎಬ್ಬಿಸಿ ಮೇಲೆ ಹತ್ತಿಸುತ್ತಾರೆ. ಬೇರೆಯವರ ಮನೆಗೆ ಹೋದರೆ ಕಾಫಿ ಆಮೇಲೆ, ಮೊದಲು ಹಿತ್ತಲು. ಬರುವಾಗ ಸೆರಗಿನಲ್ಲಿ ಒಂದು ಕಡ್ಡಿ ಇದ್ದೇ ಇರುತ್ತೆ. ಕೇಳಿ ತಂದದ್ದೋ ಕೇಳದೆ ತಂದದ್ದೋ, ಅದನ್ನು ನಾನು ವಿಚಾರಿಸಲು ಹೋಗುವುದಿಲ್ಲ.

ಇಂಥವರು ಇಷ್ಟು ವರ್ಷವಾದರೂ ನಮ್ಮೂರ ಗಾಜಿನ ಮನೆ ನೋಡಿರಲಿಲ್ಲ. ನಂಬುತ್ತೀರಾ? ಅದೂ ಊರು ಬಿಟ್ಟು ಹೋಗದವರೇನಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಆಮೇಲೆ ಓಣಿಯ ಹೆಂಗಸರ ಜೊತೆ ಸವದತ್ತಿ ಎಲ್ಲಮ್ಮನಿಗೆ ಹೋಗಿಬಂದರು, ಧರ್ಮಸ್ಥಳಕ್ಕೆ ಹೋಗಿಬಂದರು, ಉಚ್ಚಂಗಿದುರ್ಗಕ್ಕಂತೂ ಲೆಕ್ಕವಿಲ್ಲ. ಎಲ್ಲಾ ಕಡೆಗೂ ಆಧಾರ್ ಕಾರ್ಡ್ ತೋರಿಸಿ, ಸೊನ್ನೆ ರೂಪಾಯಿ ಟಿಕೆಟ್ ಇಸ್ಕೊಂಡು. ನೂರಾರು ಕಿಲೋಮೀಟರ್ ದೂರದ ಎಲ್ಲಮ್ಮ ಸುಲಭಕ್ಕೆ ಸಿಕ್ಕಳು. ಮನೆಯಿಂದ ನಾಲ್ಕೈದು ಕಿಲೋಮೀಟರ್ ಇರುವ ಗಾಜಿನ ಮನೆ ಸಿಗಲಿಲ್ಲ.

ನಮ್ಮ ಯಜಮಾನರ ಹತ್ತಿರ ಬೈಕ್ ಇದೆ. ಆದರೆ ಅತ್ತೆ ಮೊಣಕಾಲು ನೋವಿನವರು, ಬೈಕ್ ಹಿಂದೆ ಕೂರೋಕೆ ಆಗಲ್ಲ. ಅಲ್ಲದೆ ನಮ್ಮವರಿಗೆ ಭಾನುವಾರ ರಜೆ ಇಲ್ಲ, ಅವರ ಕೆಲಸ ಹಾಗಿದೆ. ಅದಕ್ಕೇ ನಾನು, ಅತ್ತೆ, ನಾಲ್ಕನೇ ಕ್ಲಾಸಿನ ಮಗಳು, ಮೂರು ಜನ ಬಸ್ಸಿಗೇ ಹೋಗೋಣ ಅಂತ ಹೊರಟೆವು. ಹಿಂದಿನ ದಿನವೇ ಅತ್ತೆ ಇಸ್ತ್ರಿ ಸೀರೆ ತೆಗೆದಿಟ್ಟುಕೊಂಡಿದ್ದರು. ಮಧ್ಯಾಹ್ನದ ಬಿಸಿಲು ಇಳಿಯಲಿ ಅಂತ ಮೂರೂವರೆಗೆ ಮನೆ ಬಿಟ್ಟೆವು. ದಾವಣಗೆರೆ ಬಿಸಿಲು ನಿಮಗೆ ಗೊತ್ತಲ್ಲ, ಅದಕ್ಕಿಂತ ಮುಂಚೆ ಹೊರಗೆ ಕಾಲಿಡೋಕೆ ಆಗಲ್ಲ.

ಹಳೇ ಬಸ್ ನಿಲ್ದಾಣದ ಹತ್ತಿರ ಸುಮಾರು ಹೊತ್ತು ನಿಂತ ಮೇಲೆ ಒಂದು ಬಸ್ ಸಿಕ್ಕಿತು. ಕಂಡಕ್ಟರ್ ಒಳ್ಳೆ ಹುಡುಗ. "ಆ ಕಡೆ ಹೋಗುತ್ತಮ್ಮ, ಆದ್ರೆ ಗೇಟ್ ತನಕ ಹೋಗಲ್ಲ, ರೋಡಲ್ಲಿ ಇಳಿದು ನಡೀಬೇಕು" ಅಂತ ಮೊದಲೇ ಹೇಳಿದ. ನಡೆಯೋಣ ಬಿಡು ಅಂದರು ಅತ್ತೆ. ಇಳಿದೆವು, ನಡೆದೆವು. ಕಾಲು ಗಟ್ಟಿ ಇದ್ದವರಿಗೆ ಆ ನಡಿಗೆ ಏನೂ ಅಲ್ಲ. ಅತ್ತೆ ಮೂರು ಕಡೆ ಸುಧಾರಿಸಿಕೊಂಡರು. ಕೂರೋಕೆ ಕಟ್ಟೆ ಇರಲಿಲ್ಲ, ಒಂದು ಕಡೆ ಕಲ್ಲಿನ ಮೇಲೆ, ಒಂದು ಕಡೆ ಬೀಡಾ ಅಂಗಡಿಯವರು ಕೊಟ್ಟ ಸ್ಟೂಲಿನ ಮೇಲೆ, ಇನ್ನೊಂದು ಕಡೆ ಸುಮ್ನೆ ನನ್ನ ಭುಜ ಹಿಡಿದು ನಿಂತುಕೊಂಡರು. ಪಕ್ಕದಲ್ಲಿ ಬೈಕುಗಳು, ಕಾರುಗಳು ಹೋಗುತ್ತಲೇ ಇದ್ದವು, ಎಲ್ಲವೂ ನಾವು ಹೊರಟಲ್ಲಿಗೇ. ಫುಟ್‌ಪಾತ್ ಮೇಲೆ ನಡೆಯಿರಿ ಅಂತ ಯಾರಾದರೂ ಹೇಳಬಹುದು. ನಮ್ಮ ಜೊತೆ ಒಂದು ದಿನ ಬಂದು ಅದು ಎಲ್ಲಿದೆ ಅಂತ ತೋರಿಸಿಕೊಟ್ಟರೆ ಉಪಕಾರವಾಗುತ್ತದೆ.

ಒಳಗೆ ಹೋದ ಮೇಲೆ ಅತ್ತೆಗೆ ಮೊಣಕಾಲು ಇದೆ ಅನ್ನೋದೇ ಮರೆತುಹೋಯಿತು. ಮೇಲೆ ನೋಡಿದರು, ಅಷ್ಟೆತ್ತರದ ಕಬ್ಬಿಣ, ಗಾಜು. "ಇದನ್ನ ಒರೆಸೋರು ಯಾರವ್ವ?" ಅನ್ನೋದು ಮೊದಲ ಮಾತು. ಆಮೇಲೆ ಒಂದೊಂದೇ ಗಿಡದ ಹತ್ತಿರ ನಿಂತು, ಎಲೆ ಮುಟ್ಟಿ, ಬಗ್ಗಿ ಬುಡ ನೋಡಿ, ಇದು ನಮ್ಮಲ್ಲಿ ಬರುತ್ತೆ, ಇದು ಬರಲ್ಲ, ಇದಕ್ಕೆ ನೀರು ಜಾಸ್ತಿ ಆಗಿದೆ, ಅಂತ ಮಗಳಿಗೆ ಪಾಠ. ಮಗಳು ಫೋನಿನಲ್ಲಿ ಫೋಟೊ ತೆಗೆದದ್ದೇ ತೆಗೆದದ್ದು. ಒಂದು ಗಿಡ ಇತ್ತು, ಕೆಂಪು ಹೂವು, ಗಂಟೆ ತರಹ ತಲೆ ಕೆಳಗೆ ಮಾಡಿ ಜೋತು ಬಿದ್ದಿತ್ತು. ಅತ್ತೆ ಅದನ್ನು ಎಲ್ಲೂ ನೋಡಿರಲಿಲ್ಲ. ಹೆಸರು ಕೇಳೋಣ ಅಂತ ಗಿಡಕ್ಕೆ ನೀರು ಹಾಕುವವರನ್ನು ಹುಡುಕಿದರೆ ಅವರು ಆ ತುದಿಯಲ್ಲಿದ್ದರು. "ಆಮೇಲೆ ಕೇಳೋಣ, ಹೋಗೋವಾಗ" ಅಂದೆ.

ಐದೂವರೆ ಆಗುತ್ತಿದ್ದ ಹಾಗೆ ಅತ್ತೆ ಸುಮ್ಮನಾದರು. ಕಾಲು ನೋವಾ ಅಂತ ಕೇಳಿದೆ. "ಅಲ್ಲ, ವಾಪಸ್ ಬಸ್ ಎಷ್ಟು ಹೊತ್ತಿಗೆ ಐತಂತೆ?" ಅಂದರು. ನನಗೆ ಗೊತ್ತಿರಲಿಲ್ಲ. ಗೇಟಿನಲ್ಲಿ ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಅವರ ಕೆಲಸವೂ ಅಲ್ಲ ಬಿಡಿ. ಅಲ್ಲಿಂದ ಮುಂದೆ ಅತ್ತೆ ಹೂವು ನೋಡಲೇ ಇಲ್ಲ, ಹೊತ್ತು ನೋಡಿದರು. ಗಾಜಿನಿಂದ ಆಚೆ ಬಿಸಿಲು ಎಷ್ಟು ಇಳಿದಿದೆ ಅಂತ ತಿರುಗಿ ತಿರುಗಿ ನೋಡುತ್ತಿದ್ದರು. ಆರು ಗಂಟೆಗೆ ಮುಂಚೆಯೇ "ನಡೀರಿ, ನಡೀರಿ, ಕತ್ತಲಾಗುತ್ತೆ" ಅಂತ ಹೊರಡಿಸಿಬಿಟ್ಟರು. ಅಸಲಿಗೆ ಬಿಸಿಲು ಇಳಿದು, ತಣ್ಣಗೆ ಗಾಳಿ ಬಂದು, ಅಲ್ಲಿ ಕೂರೋ ಹೊತ್ತು ಶುರುವಾಗೋದೇ ಆಗ. ಗಾಡಿ ಇದ್ದವರು ಒಳಗೆ ಬರುತ್ತಿದ್ದರು, ನಾವು ಹೊರಗೆ ಹೋಗುತ್ತಿದ್ದೆವು.

ಮತ್ತೆ ಅದೇ ರೋಡು, ಅದೇ ಕಲ್ಲು. ಬೀಡಾ ಅಂಗಡಿಯವರು ಬಾಗಿಲು ಹಾಕಿಕೊಂಡು ಹೋಗಿದ್ದರು. ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು. ಬರುತ್ತೆ ಅಂದರು ಒಬ್ಬರು, ಭಾನುವಾರ ಈ ಹೊತ್ತಿಗೆ ಇಲ್ಲ ಅಂದರು ಇನ್ನೊಬ್ಬರು. ಬೋರ್ಡು ಇಲ್ಲ, ಹೊತ್ತು ಬರೆದಿಲ್ಲ, ಒಂದು ನೆರಳೂ ಇಲ್ಲ. ಆಟೊಗಳು ಬಂದವು, ಬಂದವೆಲ್ಲ ಜನರನ್ನು ಇಳಿಸಿ ಮುಂದೆ ಯಾರದೋ ಬಾಡಿಗೆ ಹಿಡಿದವು. ಕೊನೆಗೆ ಒಬ್ಬ ನಿಲ್ಲಿಸಿ ಇನ್ನೂರು ಅಂದ. ಅತ್ತೆ ಮುಖ ನೋಡಿದವನೇ ನೂರೈವತ್ತಕ್ಕೆ ಇಳಿದ. ಅವನನ್ನು ಬೈಯಲ್ಲ, ಖಾಲಿ ಬಂದು ಖಾಲಿ ಹೋಗೋಕೆ ಅವನಿಗೂ ಆಗಲ್ಲ. ಆದರೆ ನೂರೈವತ್ತು ಅಂದರೆ ನನಗೆ ಎರಡು ಸೀರೆ ಫಾಲ್ಸ್ ಕೆಲಸ. ಆಟೊದಲ್ಲಿ ಅತ್ತೆ ಹೇಳಿದರು: "ಹೋಗೋವಾಗ ರೊಕ್ಕ ಇಲ್ದಂಗೆ ಹೋದ್ವಿ, ಬರೋವಾಗ ದಂಡ ಕಟ್ಟಿ ಬಂದ್ವಿ." ಆ ಮಾತು ಕೇಳಿ ಡ್ರೈವರಿಗೂ ನಗು ಬಂತು. ಆ ಹೂವಿನ ಹೆಸರು ಕೇಳೋದು ಮರೆತೇ ಹೋಗಿತ್ತು, ಮನೆಗೆ ಬಂದ ಮೇಲೆ ನೆನಪಾಯಿತು.

ಇಷ್ಟೇ ಕತೆ. ಆದರೆ ಅವತ್ತಿನಿಂದ ನನಗೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಬಸ್ ಬೇಕು ಬಸ್ ಬೇಕು ಅಂತ ಎಲ್ಲರೂ ಕೇಳುವಾಗ ಹೋಗೋ ಬಸ್ಸಿನ ಬಗ್ಗೆ ಮಾತ್ರ ಕೇಳುತ್ತೇವೆ. ಹೋಗೋದು ಹೇಗಾದರೂ ಆಗುತ್ತೆ. ಬೆಳಗಿನ ಉತ್ಸಾಹ ಇರುತ್ತೆ, ನಡೆಯುತ್ತೇವೆ, ಕಾಯುತ್ತೇವೆ, ಯಾರದೋ ಜೊತೆ ಹತ್ತಿಕೊಳ್ಳುತ್ತೇವೆ. ವಾಪಸ್ ಬರೋದು ಗ್ಯಾರಂಟಿ ಇಲ್ಲ ಅಂದರೆ ಹೆಂಗಸರು, ವಯಸ್ಸಾದವರು, ಮಕ್ಕಳನ್ನು ಕರೆದುಕೊಂಡವರು ಹೊರಡೋದೇ ಇಲ್ಲ. ಹೊರಟರೂ ನಮ್ಮ ಅತ್ತೆ ತರಹ ಅರ್ಧ ಹೊತ್ತು ಗಡಿಯಾರ ನೋಡಿಕೊಂಡು ಬರುತ್ತಾರೆ. ನಾನು ಕೇಳುತ್ತಿರೋದು ಮುಖ್ಯವಾಗಿ ಬರೋ ಬಸ್ಸು.

ಇದು ನನಗೆ ಹೊಳೆದದ್ದಲ್ಲ, ಲಾಲ್‌ಬಾಗಿನಲ್ಲಿ ಕಂಡದ್ದು. ಕೆಲವು ವರ್ಷದ ಹಿಂದೆ ಜನವರಿಯಲ್ಲಿ ಬೆಂಗಳೂರಿನಲ್ಲಿ ಚಿಕ್ಕಮ್ಮನ ಮಗನ ಮದುವೆ ಇತ್ತು. ಮದುವೆ ಮುಗಿದ ಮಾರನೇ ದಿನ ಫಲಪುಷ್ಪ ಪ್ರದರ್ಶನ ನೋಡಿಬರೋಣ ಅಂತ ನಾವು ನಾಲ್ಕೈದು ಹೆಂಗಸರು ಹೊರಟೆವು. ಬೆಂಗಳೂರು ನಮಗೆ ಯಾರಿಗೂ ಗೊತ್ತಿಲ್ಲ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದೆವು. ಚಿಕ್ಕಪೇಟೆ, ಮಾರ್ಕೆಟ್, ನ್ಯಾಷನಲ್ ಕಾಲೇಜು, ಆಮೇಲೆ ಲಾಲ್‌ಬಾಗೇ. ನಾಲ್ಕನೇ ನಿಲ್ದಾಣ. ಇಳಿದು ಮೆಟ್ಟಿಲಿಳಿದರೆ ಪಶ್ಚಿಮದ ಗೇಟು ಹತ್ತಿರದಲ್ಲೇ. 2017ರಲ್ಲಿ ಆ ಮೆಟ್ರೊ ಬಂದದ್ದಂತೆ. ಲಾಲ್‌ಬಾಗ್ ಹೈದರಾಲಿ ಕಾಲದ್ದು, 1760ರಲ್ಲಿ ಶುರುವಾದದ್ದು. ಗಾಜಿನ ಮನೆ ಆಮೇಲೆ, 1889ರಲ್ಲಿ ಬ್ರಿಟಿಷರ ಕಾಲದಲ್ಲಿ ಅಡಿಗಲ್ಲು ಹಾಕಿದ್ದು. ಇನ್ನೂರೈವತ್ತು ವರ್ಷ ಕಾದರೂ ತೋಟದ ಬಾಗಿಲಿಗೇ ರೈಲು ಬಂತು ಅಂತ ನಮ್ಮ ಚಿಕ್ಕಮ್ಮ ನಗುತ್ತಿದ್ದರು.

ನನಗೆ ಮೆಚ್ಚುಗೆಯಾದದ್ದು ರೈಲಲ್ಲ, ಒಂದು ಕಾಗದದ ಚೀಟಿ. ಪ್ರದರ್ಶನದ ದಿನ ಜನ ಬೆಳಗಿನಿಂದ ಒಬ್ಬೊಬ್ಬರೇ, ಬೇರೆ ಬೇರೆ ಹೊತ್ತಿಗೆ ಬರುತ್ತಾರೆ. ವಾಪಸ್ ಹೋಗೋವಾಗ ಮಾತ್ರ ಎಲ್ಲರೂ ಸಂಜೆ ಒಂದೇ ಸಲ ನಿಲ್ದಾಣಕ್ಕೆ ನುಗ್ಗುತ್ತಾರೆ. ಟಿಕೆಟ್ ಕೌಂಟರಿನಲ್ಲಿ ಸಾಲು ರೋಡಿನ ತನಕ. ಅದಕ್ಕೆ ಮೆಟ್ರೊದವರು ಏನು ಮಾಡಿದರು ಅಂದರೆ, ಲಾಲ್‌ಬಾಗ್ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಹೋದರೂ 30 ರೂಪಾಯಿ ಅಂತ ಒಂದೇ ದರದ ಕಾಗದದ ಟಿಕೆಟ್ ಮಾಡಿದರು. ಬೆಳಗ್ಗೆ ಬರುವಾಗಲೇ ಬೇರೆ ನಿಲ್ದಾಣಗಳಲ್ಲಿ ಕೊಂಡು ಇಟ್ಟುಕೊಳ್ಳಬಹುದು. ಮೆಜೆಸ್ಟಿಕ್‌ಗೆ ನಾಲ್ಕೇ ನಿಲ್ದಾಣ, ಅದಕ್ಕೆ 30 ರೂಪಾಯಿ ಜಾಸ್ತಿಯೇ ಆಯಿತು ಅಂತ ನಮ್ಮ ಜೊತೆಗಿದ್ದವರೊಬ್ಬರು ಲೆಕ್ಕ ಹಾಕಿದರು. ಇರಲಿ ಬಿಡಿ. ಆ ಚೀಟಿ ಪರ್ಸಿನಲ್ಲಿ ಇತ್ತಲ್ಲ, ನಾವು ಆ ದಿನ ಒಂದು ಸಲವೂ ವಾಪಸ್ ಹೇಗೆ ಅಂತ ಯೋಚನೆ ಮಾಡಲಿಲ್ಲ. ಬಂಡೆ ಹತ್ತಿದೆವು, ಕೆರೆ ಸುತ್ತಿದೆವು, ಕಡಲೆಕಾಯಿ ತಿಂದೆವು, ಕತ್ತಲಾಗುವ ತನಕ ಕೂತಿದ್ದೆವು.

ದಾವಣಗೆರೆಗೆ ಮೆಟ್ರೊ ಕೊಡಿ ಅಂತ ನಾನು ಕೇಳುತ್ತಿಲ್ಲ, ಹಾಗೆ ಕೇಳಿದರೆ ನೀವೂ ನಗುತ್ತೀರಿ, ಓದುವವರೂ ನಗುತ್ತಾರೆ. ನಾನು ಹೇಳೋದು ಆ ಚೀಟಿಯ ಹಿಂದಿನ ಯೋಚನೆ. ಬಂದವರು ಸಂಜೆ ಮನೆಗೆ ಹೋಗಬೇಕು ಅಂತ ಯಾರೋ ಒಬ್ಬರು ಕೂತು ಯೋಚನೆ ಮಾಡಿದ್ದಾರೆ. ನಮ್ಮಲ್ಲಿ ಗಾಡಿ ನಿಲ್ಲಿಸೋದು ಎಲ್ಲಿ ಅಂತ ಯೋಚನೆ ಮಾಡುತ್ತೇವೆ. ಗಾಡಿ ಇಲ್ಲದವರು ನಿಲ್ಲೋದು ಎಲ್ಲಿ ಅಂತ ಮಾಡಲ್ಲ.

ಈ ಮಾತು ಎತ್ತಿದ ಕೂಡಲೇ ಮೊದಲು ಬರುವ ಉತ್ತರ ನನಗೆ ಬಾಯಿಪಾಠ ಆಗಿದೆ. ಆ ಘಟನೆ ಆದ ಒಂದು ವಾರಕ್ಕೆ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ನೋಡಿಕೊಳ್ಳುವವರೊಬ್ಬರನ್ನು ಕೇಳಿದೆ. ಮರ್ಯಾದೆಯಿಂದಲೇ ಮಾತಾಡಿದರು. "ಜನ ಇದ್ರೆ ಬಿಡ್ತೀವಕ್ಕ, ಖಾಲಿ ಬಸ್ ಓಡಿಸಿದ್ರೆ ಡೀಸೆಲ್ ಯಾರು ಕೊಡ್ತಾರೆ" ಅಂದರು. "ಬಸ್ ಬಿಟ್ರೆ ಜನ ಬರ್ತಾರಣ್ಣ" ಅಂದೆ ನಾನು. ಇಬ್ಬರೂ ನಕ್ಕು ಮಾತು ಅಲ್ಲಿಗೇ ನಿಂತಿತು. ಆದರೆ ಯೋಚನೆ ಮಾಡಿ. ಬಸ್ಸಿನವರಿಗೆ ಜನ ಎಷ್ಟು ಅಂತ ಗೊತ್ತಾಗೋದು ಟಿಕೆಟ್ ಮಷಿನ್ನಿಂದ. ಹೆಂಗಸರ ಸೊನ್ನೆ ಟಿಕೆಟ್ಟನ್ನೂ ಮಷಿನ್ನಿನಲ್ಲಿ ಹೊಡೆದೇ ಕೊಡುತ್ತಾರೆ, ಅದರ ಲೆಕ್ಕವೂ ಇರುತ್ತೆ. ಬಸ್ಸೇ ಹೋಗದ ಜಾಗದಲ್ಲಿ ಟಿಕೆಟ್ ಹೊಡೆಯೋದು ಹೇಗೆ? ಟಿಕೆಟ್ ಇಲ್ಲ ಅಂದರೆ ಜನ ಇಲ್ಲ, ಜನ ಇಲ್ಲ ಅಂದರೆ ಬಸ್ ಇಲ್ಲ. ನಮ್ಮ ಅತ್ತೆಯಂಥವರು ಮನೆಯಲ್ಲಿ ಇಸ್ತ್ರಿ ಸೀರೆ ತೆಗೆದಿಟ್ಟುಕೊಂಡು ಕೂತಿರೋದು ಯಾವ ಮಷಿನ್ನಿಗೂ ಗೊತ್ತಾಗಲ್ಲ.

ಹೊಸ ಬಸ್ ತನ್ನಿ, ಹೊಸ ಡ್ರೈವರ್ ತನ್ನಿ ಅಂತಲೂ ಅಲ್ಲ. ಭಾನುವಾರ ಕಾಲೇಜು ಇರಲ್ಲ, ಕೋರ್ಟು ಇರಲ್ಲ, ಆಫೀಸು ಇರಲ್ಲ. ವಾರದ ಬೇರೆ ದಿನ ಬೆಳಗ್ಗೆ ಕಾಲೇಜು ಹುಡುಗರು ಬಾಗಿಲಲ್ಲಿ ಜೋತು ಬಿದ್ದು ಹೋಗುವ ಅದೇ ಸಿಟಿ ಬಸ್ಸು ಭಾನುವಾರ ಅರ್ಧ ಸೀಟು ಖಾಲಿ ಇಟ್ಟುಕೊಂಡು ಓಡುತ್ತೆ, ನಾನೇ ಎಷ್ಟು ಸಲ ಕಿಟಕಿ ಸೀಟು ಆರಿಸಿಕೊಂಡು ಕೂತಿದ್ದೇನೆ. ಅಂಥ ಒಂದು ಬಸ್ಸನ್ನು ಮಧ್ಯಾಹ್ನದ ಮೇಲೆ ಗಾಜಿನ ಮನೆ ಗೇಟಿನ ತನಕ ಬೆಳೆಸಿದರೆ ಸಾಕು. ರೈಲ್ವೆ ಸ್ಟೇಷನ್, ಹಳೇ ಬಸ್ ನಿಲ್ದಾಣ ಮುಟ್ಟಿಕೊಂಡು ಹೋದರೆ ಹರಿಹರದಿಂದ ರೈಲಿಗೆ ಬರುವವರಿಗೂ, ಸುತ್ತಲಿನ ಹಳ್ಳಿಯಿಂದ ಬರುವವರಿಗೂ ಸಿಗುತ್ತೆ. ಮಧ್ಯಾಹ್ನ ಎರಡು ಟ್ರಿಪ್ ಹೋದರೂ ಒಂದು ಹೋದರೂ ನನಗೆ ಅಷ್ಟು ಚಿಂತೆಯಿಲ್ಲ. ಸಂಜೆ ಮುಚ್ಚುವ ಹೊತ್ತಿಗೆ ಗೇಟಿನ ಎದುರು ಒಂದು ಬಸ್ ನಿಂತಿರಬೇಕು. ಹತ್ತು ಜನ ಹತ್ತಿದರೂ ಹೊರಡಬೇಕು, ಇಬ್ಬರು ಹತ್ತಿದರೂ ಹೊರಡಬೇಕು. ಮೊದಲ ನಾಲ್ಕು ಭಾನುವಾರ ಖಾಲಿ ಹೋಗುತ್ತೆ, ಅದು ನನಗೂ ಗೊತ್ತು, ಯಾಕೆಂದರೆ ಯಾರಿಗೂ ಗೊತ್ತಿರಲ್ಲ. ಐದನೇ ಭಾನುವಾರಕ್ಕೆ ನಮ್ಮ ಓಣಿಯಿಂದಲೇ ಹದಿನೈದು ಜನರನ್ನು ನಾನು ಹತ್ತಿಸುತ್ತೇನೆ, ಬೇಕಾದರೆ ಬರೆದುಕೊಡುತ್ತೇನೆ.

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ, ಊರು ತುಂಬುತ್ತೆ, ಜಾತ್ರೆಗೆ ಬಂದವರು ರಾತ್ರಿ ವಾಪಸ್ ಹೋಗಬೇಕು ಅಂತ ಎಲ್ಲರಿಗೂ ಗೊತ್ತಿದೆ. ಹುಣ್ಣಿಮೆ ದಿನ ಉಚ್ಚಂಗಿದುರ್ಗಕ್ಕೆ ಹೋದವರು ದೇವಿ ದರ್ಶನ ಮಾಡಿ ಇಳಿದು ಬಂದರೆ ಕೆಳಗೆ ಬಸ್ ನಿಂತಿರುತ್ತೆ. ದೇವರಿಗೆ ಹೋದವರ ವಾಪಸ್ ಪ್ರಯಾಣ ನಮಗೆ ನೆನಪಿರುತ್ತೆ, ಹೂವು ನೋಡೋಕೆ ಹೋದವರದು ಯಾಕೋ ನೆನಪಾಗಲ್ಲ. ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ ಇಟ್ಟಾಗಲಾದರೂ ಅದನ್ನೂ ಒಂದು ಜಾತ್ರೆ ಅಂತಲೇ ಲೆಕ್ಕ ಹಿಡಿಯಬಾರದಾ? ಅಷ್ಟು ದಿನ ಕಷ್ಟಪಟ್ಟು ಹೂವು ಜೋಡಿಸಿದವರಿಗೂ ಜನ ಬಂದು ನೋಡಲಿ ಅಂತ ಆಸೆ ಇರಲ್ವಾ?

ಫೋನಿನಲ್ಲಿ ಆಟೊ ಬುಕ್ ಮಾಡಿ ಅನ್ನುವವರೂ ಇದ್ದಾರೆ. ನಮ್ಮ ಭಾವನ ಮಗನೇ ಅಂದ. ಅವನು ಬುಕ್ ಮಾಡುತ್ತಾನೆ, ಅವನಿಗೆ ಬರುತ್ತೆ, ದುಡ್ಡೂ ಇದೆ. ನಮ್ಮ ಅತ್ತೆ ಫೋನಿನಲ್ಲಿ ಹಸಿರು ಬಟನ್ ಕೆಂಪು ಬಟನ್ ಬಿಟ್ಟರೆ ಮೂರನೆಯದು ಮುಟ್ಟಲ್ಲ. ಅವರು ತಮ್ಮ ವಾರಿಗೆಯ ಇಬ್ಬರು ಗೆಳತಿಯರ ಜೊತೆ, ನನ್ನನ್ನು ಕಾಯದೆ, ಮಗನ ರಜೆಗೆ ಕಾಯದೆ, ತಾವೇ ಹೋಗಿ ತಾವೇ ಬರುವ ಹಾಗಾಗಬೇಕು. ಧರ್ಮಸ್ಥಳಕ್ಕೆ ಹೋದ ಹಾಗೆ. ಅಲ್ಲಿಗೆ ಹೋಗುವಾಗ ನನ್ನನ್ನು ಕೇಳಲೂ ಇಲ್ಲ, ಚೀಲ ಹೆಗಲಿಗೆ ಹಾಕಿಕೊಂಡು "ನಾಡಿದ್ದು ಬರ್ತೀನಿ" ಅಂತ ಹೋದವರು ಅವರು.

ಸರ್ಕಾರಿ ಶಾಲೆ ಮಕ್ಕಳ ವಿಷಯವೂ ಇದೆ. ದೊಡ್ಡ ದೊಡ್ಡ ಶಾಲೆಗಳಿಗೆ ಸ್ವಂತ ಹಳದಿ ಬಸ್ಸು ಇದೆ, ಮಕ್ಕಳನ್ನು ತುಂಬಿಕೊಂಡು ಹೋಗಿ ತೋರಿಸಿಕೊಂಡು ಬರುತ್ತಾರೆ. ನನ್ನ ಮಗಳ ಟೀಚರ್ ಕರೆದುಕೊಂಡು ಹೋಗಬೇಕು ಅಂತ ಹೇಳುತ್ತಲೇ ಇದ್ದಾರೆ, ಟೆಂಪೊ ಬಾಡಿಗೆ ಯಾರು ಕೊಡೋದು ಅನ್ನೋದರಲ್ಲೇ ನಿಂತಿದೆ. ಮಗಳು ಹೋಗಿಬಂದ ಮಾರನೇ ದಿನ ಕ್ಲಾಸಿನಲ್ಲಿ ಗಾಜಿನ ಮನೆ ನೋಡಿದವರು ಯಾರು ಅಂತ ಕೈ ಎತ್ತಿಸಿದರಂತೆ. ಎತ್ತಿದವರೆಲ್ಲ ಮನೆಯಲ್ಲಿ ಬೈಕ್ ಇದ್ದವರೇ ಅಂತ ಬಂದು ಹೇಳಿದಳು. ಇದನ್ನು ನಾನು ಅವಳಿಗೆ ಹೇಳಿಕೊಟ್ಟದ್ದಲ್ಲ.

ಇನ್ನೆರಡು ಸಣ್ಣ ವಿಷಯ. ಬಸ್ ನಿಲ್ಲೋ ಜಾಗ ಗೇಟಿನ ಹತ್ತಿರವೇ ಇರಲಿ, ರೋಡಿನಲ್ಲಿ ಇಳಿಸಿ "ಇಲ್ಲೇ ಹತ್ತಿರ" ಅನ್ನೋದು ಬೇಡ. ಮೊಣಕಾಲು ನೋವಿನವರ ಹತ್ತಿರ ಬೇರೆ, ಗಟ್ಟಿ ಕಾಲಿನವರ ಹತ್ತಿರ ಬೇರೆ. ಅಲ್ಲಿ ಒಂದು ಕಲ್ಲಿನ ಬೆಂಚು, ಮೇಲೊಂದು ಶೀಟು, ಕೊನೇ ಬಸ್ ಇಷ್ಟು ಗಂಟೆಗೆ ಅಂತ ದೊಡ್ಡ ಅಕ್ಷರದಲ್ಲಿ ಕನ್ನಡದ ಒಂದು ಬೋರ್ಡು. 2016ರಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲೇ ನಮ್ಮೂರ ಹೆಸರು ಬಂದಿತ್ತು, ಪಟಾಕಿ ಹೊಡೆದದ್ದು ನನಗೆ ನೆನಪಿದೆ. ಅಂಥ ಊರಿಗೆ ಒಂದು ತಗಡಿನ ಬೋರ್ಡು ಭಾರವಾಗಲಾರದು. ಆಮೇಲೆ, ಬಿಟ್ಟರೆ ಶಕ್ತಿ ಟಿಕೆಟ್ ನಡೆಯುವ ಬಸ್ಸನ್ನೇ ಬಿಡಿ. ಖಾಸಗಿ ಬಸ್ಸಿನಲ್ಲಿ ಅದು ನಡೆಯಲ್ಲ, ಮೂರು ಜನ ಹೋಗಿಬರೋ ಚಾರ್ಜಿಗೆ ಒಂದು ದಿನದ ತರಕಾರಿ ಬರುತ್ತೆ.

ಕುಂದುವಾಡ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಮಾಡುವವರು ಬಹಳ ಜನ. ಅವರಲ್ಲಿ ದೊಡ್ಡ ದೊಡ್ಡ ಹುದ್ದೆಯವರು, ಡಾಕ್ಟರುಗಳು, ಚುನಾವಣೆಗೆ ನಿಲ್ಲುವವರು ಎಲ್ಲರೂ ಇರುತ್ತಾರೆ ಅಂತ ಕೇಳಿದ್ದೇನೆ. ವಾಕಿಂಗ್ ಮಾಡೋಕೆ ಅಲ್ಲಿ ತನಕ ಕಾರಿನಲ್ಲಿ ಬರುತ್ತಾರೆ, ಅದು ಅವರ ಇಷ್ಟ. ಈ ಪತ್ರ ಅವರ ಕಣ್ಣಿಗೆ ಬಿದ್ದರೆ, ಒಂದು ಭಾನುವಾರ ಕಾರನ್ನು ಮನೆಯಲ್ಲೇ ಬಿಟ್ಟು ಹಳೇ ಬಸ್ ನಿಲ್ದಾಣದಿಂದ ಬಸ್ಸಿಗೆ ಹೋಗಿ, ಕತ್ತಲಾದ ಮೇಲೆ ಬಸ್ಸಿಗೇ ವಾಪಸ್ ಬರಲಿ. ಜೊತೆಗೆ ಮನೆಯಲ್ಲಿರುವ ವಯಸ್ಸಾದವರೊಬ್ಬರನ್ನು ಕರೆದುಕೊಂಡು ಹೋಗಲಿ. ಬಂದ ಮೇಲೆ ಬೇಕಾದರೆ ನನ್ನ ಪತ್ರಕ್ಕೆ ಉತ್ತರ ಬರೆಯಲಿ.

ಪತ್ರ ಉದ್ದವಾಯಿತು. ಕತ್ತರಿಸಬೇಕಾದರೆ ಅತ್ತೆಯ ಗಿಡದ ವಿಷಯ ಕತ್ತರಿಸಿ, ಕೊನೇ ಬಸ್ಸಿನ ವಿಷಯ ಮಾತ್ರ ಕತ್ತರಿಸಬೇಡಿ. ಅತ್ತೆಗೆ ಓದೋಕೆ ಬರುತ್ತೆ, ಕನ್ನಡಕ ಹಾಕಿಕೊಂಡು ನಿಮ್ಮ ಪತ್ರಿಕೆಯನ್ನು ದಿನಾ ಓದುತ್ತಾರೆ, ಗಿಡದ ವಿಷಯ ಬರದಿದ್ದರೆ ನನ್ನನ್ನೇ ಕೇಳುತ್ತಾರೆ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಮಗಳು ತೆಗೆದ ಫೋಟೊದಲ್ಲಿ ಆ ಕೆಂಪು ಹೂವು ಅರ್ಧ ಮಾತ್ರ ಬಂದಿದೆ, ಉಳಿದರ್ಧ ಅಜ್ಜಿಯ ಕೈ. ಓಣಿಯಲ್ಲಿ ತೋರಿಸಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದಾರೆ, ಅತ್ತೆ ಒಂದನ್ನೂ ಒಪ್ಪಿಲ್ಲ. ಗಿಡಕ್ಕೆ ನೀರು ಹಾಕುವವರನ್ನೇ ಕೇಳಬೇಕಂತೆ. ಸಂಜೆ ಬಸ್ ಯಾವತ್ತಿಂದ ಅಂತ ಗೊತ್ತಾದರೆ ನಾಲ್ಕು ದಿನ ಮುಂಚೆಯೇ ಪತ್ರಿಕೆಯಲ್ಲಿ ಹಾಕಿ, ಸೀರೆ ಇಸ್ತ್ರಿಗೆ ಕೊಡಬೇಕು.

ಇಂತಿ,
ನಿಮ್ಮ ಓದುಗಿ,
ಹಳೇಪೇಟೆ, ದಾವಣಗೆರೆ